ಪಂತಿಯೂ ಬಂತಿಯೂ: ಗಡಿನಾಡಿನ ಫುಟ್‌ಬಾಲ್ ಮತ್ತು ಭಾಷೆಯ ಪ್ರಶ್ನೆ

ಫುಟ್‌ಬಾಲ್ ಆಟಕ್ಕೆ ಭಾಷೆಯ ಹಂಗಿಲ್ಲ, ಅದೇ ಒಂದು ವಿಶ್ವಭಾಷೆ ಎಂಬ ಮಾತು ಕ್ರೀಡಾಕೂಟಗಳ ಉದ್ಘಾಟನಾ ಭಾಷಣಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಒಂದು ಚೆಂಡು, ಎರಡು ಗೋಲು, ಕೈ ಮುಟ್ಟಿಸಬಾರದೆಂಬ ಒಂದು ಕಟ್ಟಳೆ: ಇಷ್ಟನ್ನು ತಿಳಿಯಲು ವ್ಯಾಕರಣ ಬೇಕಿಲ್ಲ. ಆದರೆ ಈ ಮಾತನ್ನು ಆಡುವವರು ಯಾರು ಎಂಬುದನ್ನು ಸ್ವಲ್ಪ ಗಮನಿಸಬೇಕು. ತನ್ನ ಭಾಷೆಯೇ ಸುತ್ತಲೂ ತುಂಬಿರುವವನಿಗೆ ಭಾಷೆಯನ್ನು ಮರೆಯುವುದು ಕಷ್ಟವಲ್ಲ. ಶಾಲೆ, ಕಚೇರಿ, ಬಸ್ಸಿನ ಫಲಕ ಎಲ್ಲವೂ ಬೇರೊಂದು ಭಾಷೆಯಲ್ಲಿರುವ ಕಡೆ ಬೆಳೆದವನಿಗೆ ಆ ಮರೆವು ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಆದ್ದರಿಂದ ಈ ಮಾತನ್ನು ರಾಯದುರ್ಗ ಮತ್ತು ಮಡಕಶಿರಾದಂತಹ ಗಡಿ ತಾಲೂಕುಗಳಲ್ಲಿ ನಿಂತು ಪರೀಕ್ಷಿಸುವುದು ಉಚಿತ.

ಈ ಎರಡು ಊರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಇದ್ದರೂ ಅವುಗಳ ಚರಿತ್ರೆ ಒಂದೇ ಅಲ್ಲ. ಮಡಕಶಿರಾ 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆ ರಚನೆಯಾದಾಗಲೇ ಅದರ ಭಾಗವಾಯಿತು. ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲೇ ಉಳಿದು, 1953ರಲ್ಲಿ ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ ಮತ್ತು ಆಲೂರು ತಾಲೂಕುಗಳೊಂದಿಗೆ ಆಂಧ್ರದ ಪಾಲಿಗೆ ಹೋಯಿತು. 2022ರಲ್ಲಿ ಮಡಕಶಿರಾ ಮತ್ತೆ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಶಿರಾ, ಪಾವಗಡ, ಮಧುಗಿರಿಗಳ ನಡುವೆ ಮೂಗು ಚಾಚಿಕೊಂಡಂತಿರುವ ಮಡಕಶಿರಾ ಸೀಮೆಯಲ್ಲಿ ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇದೆ. ಆ ನೆಲದ ಶಾಸನಗಳ ಕನ್ನಡಕ್ಕೆ ಸಾವಿರ ವರ್ಷಗಳ ವಯಸ್ಸು. ಆದರೂ ಇಲ್ಲಿಯ ಕನ್ನಡಿಗನನ್ನು ಕುರಿತು ಬರೆಯುವಾಗ ಶಾಸನವನ್ನಷ್ಟೇ ಮುಂದೊಡ್ಡುವುದು ನಮ್ಮ ಗಡಿನಾಡ ಬರವಣಿಗೆಯ ಹಳೆಯ ಚಟ. ಶಾಸನ ಓದಲು ಬಾರದ, ಬೆಳಗ್ಗೆ ಎದ್ದು ತೆಲುಗು ಮತ್ತು ಕನ್ನಡ ಎರಡನ್ನೂ ಮಾತನಾಡುತ್ತ ಮೈದಾನಕ್ಕೆ ಓಡುವ ಹುಡುಗನೂ ಆ ಸೀಮೆಯವನೇ.

ಮೈದಾನ ಎಂದರೂ ಅದನ್ನು ಹಸಿರು ಹುಲ್ಲೆಂದು ಕಲ್ಪಿಸಿಕೊಳ್ಳಬಾರದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ, ನೆಲಗಡಲೆಯನ್ನು ನಂಬಿದ ಬರಸೀಮೆ ಇದು. ಶಾಲೆಯ ಅಂಗಳ, ಬೀಳುಬಿದ್ದ ಹೊಲ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ, ಇವೇ ಆಟದ ಬಯಲುಗಳು. ಫುಟ್‌ಬಾಲ್ ಈ ಸೀಮೆಯ ಹುಟ್ಟಾಟವಲ್ಲ ಎಂಬುದನ್ನೂ ಒಪ್ಪಬೇಕು. ಕಬಡ್ಡಿ ಮೊದಲಿನಿಂದ ಇತ್ತು. ಕ್ರಿಕೆಟ್ ತಾನಾಗಿಯೇ ಬಂದಿತು. ಫುಟ್‌ಬಾಲ್‌ಗೆ ಊರೂರುಗಳಲ್ಲಿ ಬೇರು ಕೊಡುವುದಕ್ಕೆ ಒಂದು ಸಂಸ್ಥೆ ಬೇಕಾಯಿತು. ಅದು 1969ರಲ್ಲಿ ಅನಂತಪುರದಲ್ಲಿ ಆರಂಭವಾದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ಅದರ ಸ್ಥಾಪಕ ವಿಸೆಂತೆ ಫೆರೆರ್ 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವರು. ಪಾದ್ರಿಯಾಗಿ ಭಾರತಕ್ಕೆ ಬಂದು, 1968ರಲ್ಲಿ ದೇಶ ಬಿಡುವಂತಾಗಿ, ಮರುವರ್ಷವೇ ಮರಳಿ, 2009ರಲ್ಲಿ ತೀರಿಕೊಳ್ಳುವವರೆಗೂ ಅನಂತಪುರವನ್ನೇ ಕಾರ್ಯಕ್ಷೇತ್ರವಾಗಿಸಿಕೊಂಡವರು. ಆ ಸಂಸ್ಥೆಯ ಆಸರೆಯಲ್ಲಿ ಬೆಳೆದ ಅನಂತಪುರ ಸ್ಪೋರ್ಟ್ಸ್ ಅಕಾಡೆಮಿ ಹಳ್ಳಿಯ ಹುಡುಗ ಹುಡುಗಿಯರಿಗೆ ಫುಟ್‌ಬಾಲ್ ಕಲಿಸತೊಡಗಿತು. ಸ್ಪೇನಿನ ಲಾ ಲಿಗಾದ ಪ್ರತಿಷ್ಠಾನವೂ ಅದಕ್ಕೆ ಕೈಜೋಡಿಸಿತು. ದಲಿತರ ಮತ್ತು ಹಿಂದುಳಿದವರ ನಡುವೆ ದುಡಿದ ಸಂಸ್ಥೆಯ ಮೂಲಕ ಬಂದುದರಿಂದ ಈ ಆಟಕ್ಕೆ ಇಲ್ಲಿ ಆರಂಭದಿಂದಲೇ ಒಂದು ಸಾಮಾಜಿಕ ಅರ್ಥ ಅಂಟಿಕೊಂಡಿತು. ಹುಡುಗಿಯೊಬ್ಬಳು ಚಡ್ಡಿ ತೊಟ್ಟು ಊರ ಮುಂದೆ ಓಡುವುದೇ ಒಂದು ಘಟನೆಯಾಗಿರುವ ಕಡೆ, ಗೋಲು ಹೊಡೆಯುವುದು ಆಮೇಲಿನ ಮಾತು.

ಈ ಬಯಲಿನಲ್ಲಿ ಭಾಷೆ ಹೇಗೆ ಓಡಾಡುತ್ತದೆ? ಕನ್ನಡದ ಚೆಂಡು ತೆಲುಗಿನಲ್ಲಿ ಬಂತಿ. ಕನ್ನಡದವರು ಚೆಂಡುಹೂವು ಎನ್ನುವುದನ್ನೇ ತೆಲುಗಿನವರು ಬಂತಿಪುವ್ವು ಎನ್ನುತ್ತಾರೆ. ಶಬ್ದ ಬೇರೆಯಾದರೂ ಹೂವನ್ನು ಕಂಡ ಕಣ್ಣು ಒಂದೇ. ಕಾಲು ಎರಡರಲ್ಲೂ ಕಾಲೇ. ಆಟ ಎರಡರಲ್ಲೂ ಆಟವೇ. ಮೋಸ ಮಾಡುವ ಮಾತುಗಳೂ ಇವೆ. ತೆಲುಗಿನ ‘ಕೊಟ್ಟು’ ಎಂದರೆ ಹೊಡೆ. ಕನ್ನಡದ ಕಿವಿಗೆ ಅದು ‘ಕೊಡು’ವಿನ ರೂಪ. ಚೆಂಡು ಕಾಲಲ್ಲಿರುವಾಗ ಹಿಂದಿನಿಂದ ‘ಕೊಟ್ಟು’ ಎಂಬ ಕೂಗು ಬಂದರೆ ಗೋಲಿಗೆ ಹೊಡೆಯಬೇಕೋ ಪಕ್ಕದವನಿಗೆ ಕೊಡಬೇಕೋ? ಏಕಭಾಷಿಕನು ಇಲ್ಲಿ ಎಡವುತ್ತಾನೆ. ಗಡಿಯ ಮಗು ಎಡವುವುದಿಲ್ಲ. ಕೂಗಿದವನು ಯಾರು, ಅವನ ಮನೆಯ ಮಾತು ಯಾವುದು ಎಂಬುದನ್ನು ಅರೆಗಳಿಗೆಯಲ್ಲಿ ಲೆಕ್ಕ ಹಾಕಿ ಕಾಲು ಬೀಸುತ್ತದೆ. ಕನ್ನಡದ ‘ಕೊಟ್ಟಣ’ದಲ್ಲಿ ಆ ಹೊಡೆತದ ಧಾತು ಇನ್ನೂ ಉಳಿದಿದೆ ಎಂಬುದನ್ನು ಪಂಡಿತರು ಹೇಳಬೇಕು, ಮಗುವಿಗೆ ಅದರ ಅಗತ್ಯವಿಲ್ಲ. ಭಾಷೆಯಿಲ್ಲದೆ ಆಡುವ ಆಟವಲ್ಲ ಇದು, ಎರಡು ಭಾಷೆಗಳನ್ನು ಒಟ್ಟಿಗೆ ಬಲ್ಲವರ ಆಟ. ವಿಶ್ವಭಾಷೆಯ ಮಾತು ಈ ವ್ಯತ್ಯಾಸವನ್ನೇ ಕಾಣುವುದಿಲ್ಲ.

ಬಂತಿ ಎಂಬ ಶಬ್ದಕ್ಕೆ ತೆಲುಗಿನಲ್ಲಿ ಇನ್ನೊಂದು ಅರ್ಥವಿದೆ: ಊಟಕ್ಕೆ ಕುಳಿತವರ ಸಾಲು. ಕನ್ನಡದಲ್ಲಿ ಅದೇ ಪಂತಿ, ಸಂಸ್ಕೃತದ ಪಂಕ್ತಿ. ಕಣದಲ್ಲಿ ಎತ್ತುಗಳನ್ನು ಸಾಲಾಗಿ ಕಟ್ಟುವ ಹಂತಿಯೂ ಇದೇ ಬಳಗದ್ದು. ಚೆಂಡಿನ ಬಂತಿ ಮತ್ತು ಸಾಲಿನ ಬಂತಿ ಬೇರೆ ಮೂಲದವೇ ಇರಬಹುದು. ಆದರೆ ಒಂದೇ ಉಚ್ಚಾರದಲ್ಲಿ ಅವು ಕೂಡಿಕೊಂಡಿರುವುದು ಈ ಚರ್ಚೆಗೆ ಬಹಳ ಅನುಕೂಲ. ಒಟ್ಟಿಗೆ ಕುಳಿತು ಉಣ್ಣುವುದೇ ನಮ್ಮಲ್ಲಿ ಒಗ್ಗಟ್ಟಿನ ಹಳೆಯ ಚಿತ್ರ. ಆ ಚಿತ್ರದ ಮಗ್ಗುಲಲ್ಲೇ ಪಂಕ್ತಿಭೇದ ಎಂಬ ಇನ್ನೊಂದು ಮಾತೂ ಇದೆ. ಸಾಲಿನಲ್ಲಿ ಎಲ್ಲರೂ ಕುಳಿತಿದ್ದಾರೆ ಎಂದಮಾತ್ರಕ್ಕೆ ಎಲ್ಲರ ಎಲೆಗೂ ಎಲ್ಲವೂ ಬಿದ್ದಿದೆ ಎಂದಲ್ಲ. ಫುಟ್‌ಬಾಲ್ ಜನರನ್ನು ಒಂದುಗೂಡಿಸುತ್ತದೆಯೇ ಎಂಬುದಕ್ಕಿಂತ, ಕೂಡಿದ ಪಂತಿಯಲ್ಲಿ ಯಾರ ಎಲೆಗೆ ಏನು ಬಡಿಸಲಾಯಿತು ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಫುಟ್‌ಬಾಲ್ ಕುರಿತ ಪ್ರಸಿದ್ಧ ಬರವಣಿಗೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಸ್ವಲ್ಪ ನಿರಾಸೆಯೇ ಆಗುತ್ತದೆ. ಮಾಸ್ಕೋದ ಡೈನಮೋ ತಂಡ ಇಂಗ್ಲೆಂಡಿಗೆ ಬಂದುಹೋದ ಮೇಲೆ, 1945ರ ಡಿಸೆಂಬರಿನಲ್ಲಿ ಜಾರ್ಜ್ ಆರ್ವೆಲ್ ಬರೆದ ಪ್ರಬಂಧ ಕ್ರೀಡೆಯಿಂದ ಸೌಹಾರ್ದ ಬೆಳೆಯುತ್ತದೆಂಬ ನಂಬಿಕೆಯನ್ನು ಗೇಲಿ ಮಾಡುತ್ತದೆ. ರಾಷ್ಟ್ರಗಳ ನಡುವಣ ಪಂದ್ಯ ದ್ವೇಷವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ ಎಂಬುದು ಅವರ ನಿಲುವು. ಉರುಗ್ವೆಯ ಎದುವಾರ್ದೋ ಗಲಿಯಾನೋ 1995ರಲ್ಲಿ ಪ್ರಕಟಿಸಿದ, ಬಿಸಿಲು ನೆರಳಿನ ಫುಟ್‌ಬಾಲ್ ಕುರಿತ ಪುಸ್ತಕ ಇದಕ್ಕೆ ತದ್ವಿರುದ್ಧವಾದ ಪ್ರೀತಿಯಿಂದ ಹುಟ್ಟಿದ್ದು. ಆಟದ ಸುಖವನ್ನು ವ್ಯಾಪಾರ ನುಂಗಿದ ಕಥೆಯನ್ನು ಅದು ಸಣ್ಣ ಸಣ್ಣ ತುಣುಕುಗಳಲ್ಲಿ ಹೇಳುತ್ತದೆ. ಒಬ್ಬರಿಗೆ ರಾಷ್ಟ್ರ ಮುಖ್ಯ, ಇನ್ನೊಬ್ಬರಿಗೆ ಹಣ. ಭಾಷೆ ಇಬ್ಬರಿಗೂ ಹಿನ್ನೆಲೆಯ ಸಂಗತಿ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ಗಳಂತಹ ವಿಶಾಲ ಭಾಷೆಗಳಲ್ಲಿ ಬರೆಯುವವರಿಗೆ ಇದು ಸಹಜವೆನ್ನಿಸಬಹುದು. 1969ರಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್‌ಗಳ ನಡುವೆ ಭುಗಿಲೆದ್ದ ಯುದ್ಧವನ್ನು ‘ಫುಟ್‌ಬಾಲ್ ಯುದ್ಧ’ ಎಂದು ಜಗತ್ತಿಗೆ ಪರಿಚಯಿಸಿದವರಲ್ಲಿ ಪೋಲೆಂಡಿನ ರಿಷಾರ್ಡ್ ಕಪುಶ್ಚಿನ್‌ಸ್ಕಿ ಪ್ರಮುಖರು. ಜಗಳದ ಬೇರು ಇದ್ದುದು ಜಮೀನು ಮತ್ತು ವಲಸೆಯಲ್ಲಿ. ಆದರೆ ಗಮನಿಸಬೇಕಾದ ಇನ್ನೊಂದು ಅಂಶವಿದೆ: ಎರಡೂ ದೇಶಗಳ ಭಾಷೆ ಸ್ಪ್ಯಾನಿಷ್. ಭಾಷೆ ಒಂದೇ ಆದರೆ ಜನ ಒಂದಾಗುತ್ತಾರೆ ಎಂಬ ವಾದ ಅಲ್ಲಿಯೇ ಕುಸಿಯುತ್ತದೆ.

ಸ್ಪೇನಿನ ಒಳಗೇ ಈ ವಿಷಯಕ್ಕೆ ಹೆಚ್ಚು ಬೆಳಕು ಬೀರುವ ಚರಿತ್ರೆ ಇದೆ. ಅಂತರ್ಯುದ್ಧದಲ್ಲಿ ಗೆದ್ದ ಫ್ರಾಂಕೋನ ಆಡಳಿತ ಕತಲಾನ್ ಮತ್ತು ಬಾಸ್ಕ್ ಭಾಷೆಗಳನ್ನು ಶಾಲೆ ಕಚೇರಿಗಳಿಂದ ಹೊರಗಟ್ಟಿತು. 1940ರ ದಶಕದ ಆರಂಭದಲ್ಲಿ ಕ್ಲಬ್ಬುಗಳ ಹೆಸರಿಗೂ ಕೈಹಾಕಿತು: ಬಿಲ್ಬಾವೊದ ‘ಅಥ್ಲೆಟಿಕ್’ ಸ್ಪ್ಯಾನಿಷ್ ರೂಪದ ‘ಅತ್ಲೆತಿಕೊ’ ಆಯಿತು, ‘ಫುಟ್ಬೋಲ್ ಕ್ಲಬ್ ಬಾರ್ಸಿಲೋನಾ’ದ ಪದಗಳು ಸ್ಪ್ಯಾನಿಷ್ ಜಾಯಮಾನಕ್ಕೆ ತಿರುಗಿ ‘ಕ್ಲುಬ್ ದೆ ಫುತ್ಬೋಲ್ ಬಾರ್ಸಿಲೋನಾ’ ಆಯಿತು. ಕಳೆದುಹೋದ ಹೆಸರುಗಳು ಮೂಲತಃ ಇಂಗ್ಲಿಷಿನ ಜಾಡಿನವೇ. ಆದರೂ ಅಲ್ಲಿಯ ಜನ ಅವನ್ನು ತಮ್ಮವೆಂದೇ ಭಾವಿಸಿದ್ದರು. 1970ರ ದಶಕದಲ್ಲಿ ಅವು ಮರಳಿ ಬಂದಾಗ ತಮ್ಮದೇ ಬಂತು ಎಂದುಕೊಂಡರು. ಇದು ಕನ್ನಡದವರೂ ಯೋಚಿಸಬೇಕಾದ ಸಂಗತಿ. ‘ಕಾಲ್ಚೆಂಡು’ ಎಂಬ ಅಚ್ಚುಕಟ್ಟಾದ ಪದವನ್ನು ಪತ್ರಿಕೆಗಳು ಚಲಾವಣೆಗೆ ತಂದವು. ಬಯಲಿನಲ್ಲಿ ಅದನ್ನು ಯಾರೂ ಕೂಗುವುದಿಲ್ಲ. ‘ಫುಟ್‌ಬಾಲ್’ ಇಷ್ಟು ಹೊತ್ತಿಗೆ ಕನ್ನಡದ ಪದವೇ ಆಗಿದೆ. ಹೆಸರು ಎಲ್ಲಿಂದ ಬಂತು ಎಂಬುದಕ್ಕಿಂತ ಅದನ್ನು ಯಾರು ಬದಲಿಸುತ್ತಾರೆ, ಯಾರ ಒಪ್ಪಿಗೆಯಿಂದ ಬದಲಿಸುತ್ತಾರೆ ಎಂಬುದೇ ಮುಖ್ಯ.

ಫ್ರಾಂಕೋ ತೀರಿಕೊಂಡ ಮರುವರ್ಷ, 1976ರ ಡಿಸೆಂಬರ್ 5ರಂದು, ಬಾಸ್ಕ್ ನಾಡಿನ ಎರಡು ತಂಡಗಳು ಅಟೋಚಾ ಮೈದಾನದಲ್ಲಿ ಎದುರಾದವು. ಆಗಿನ್ನೂ ನಿಷೇಧದಲ್ಲಿದ್ದ ಬಾಸ್ಕ್ ಬಾವುಟವನ್ನು ಎರಡೂ ತಂಡಗಳ ನಾಯಕರಾದ ಇರಿಬಾರ್ ಮತ್ತು ಕೊರ್ತಬಾರಿಯಾ ಒಟ್ಟಿಗೆ ಹಿಡಿದು ಮೈದಾನಕ್ಕೆ ತಂದರು. ಎದುರಾಳಿಗಳು ಒಂದಾದರು, ಆದರೆ ಭಾಷೆಯನ್ನೂ ಗುರುತನ್ನೂ ಬದಿಗಿಟ್ಟು ಒಂದಾದುದಲ್ಲ. ಆ ಮೈದಾನವಿದ್ದ ಪಟ್ಟಣವನ್ನು ಸ್ಪ್ಯಾನಿಷಿನಲ್ಲಿ ಸಾನ್ ಸೆಬಾಸ್ಟಿಯನ್ ಎನ್ನುತ್ತಾರೆ, ಬಾಸ್ಕಿನಲ್ಲಿ ದೊನೊಸ್ತಿಯಾ. ಇಂದು ಎರಡೂ ಹೆಸರುಗಳು ಅಧಿಕೃತ. ಅದೇ ಊರಿನಲ್ಲಿ ವರ್ಷವರ್ಷವೂ ನಡೆಯುವ ಎಳೆಯರ ಅಂತಾರಾಷ್ಟ್ರೀಯ ಪಂದ್ಯಾವಳಿಯ ಹೆಸರು ದೊನೊಸ್ತಿ ಕಪ್. 2018ರಲ್ಲಿ ಅನಂತಪುರದ ಹುಡುಗಿಯರ ತಂಡ ಅಲ್ಲಿಗೆ ಹೋಗಿ ಆಡಿತು. ಪತ್ರಿಕೆಗಳು ಬರಪೀಡಿತ ಜಿಲ್ಲೆಯ ಬಡ ಹುಡುಗಿಯರು ಯುರೋಪಿಗೆ ಹಾರಿದ ಕಥೆಯಾಗಿ ಅದನ್ನು ಮೆಚ್ಚಿಕೊಂಡವು, ಮೆಚ್ಚುವಂಥದ್ದೇ. ಆದರೆ ಎರಡು ಭಾಷೆಗಳ ಜಿಲ್ಲೆಯಿಂದ ಹೊರಟ ತಂಡ, ಎರಡು ಹೆಸರುಗಳ ಊರಿಗೆ ಹೋಗಿ, ಸಣ್ಣ ಭಾಷೆಯ ಹೆಸರನ್ನು ಹೊತ್ತ ಬಟ್ಟಲಿಗಾಗಿ ಆಡಿತು ಎಂಬ ಸಂಗತಿ ಆ ಕಥೆಯೊಳಗೆ ಸೇರಲೇ ಇಲ್ಲ. ಸ್ಪೇನ್ ಎಂದರೆ ಅಲ್ಲಿ ಒಂದೇ ಸ್ಪೇನ್. ಅನಂತಪುರ ಎಂದರೆ ಒಂದೇ ತೆಲುಗು.

ಹೆಸರಿನ ಈ ಪ್ರಶ್ನೆಯನ್ನು ದಕ್ಷಿಣ ಭಾರತದ ಕಲಾಕೃತಿಗಳಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾಗಿ ಹಿಡಿದದ್ದು 2018ರ ಮಲಯಾಳಂ ಚಿತ್ರ ‘ಸುಡಾನಿ ಫ್ರಮ್ ನೈಜೀರಿಯಾ’. ನಿರ್ದೇಶಕ ಝಕರಿಯಾ. ಮಲಬಾರಿನ ಸೆವೆನ್ಸ್ ಫುಟ್‌ಬಾಲ್, ಅಂದರೆ ಏಳೇಳು ಮಂದಿಯ ತಂಡಗಳ ಆಟ, ಉತ್ತರದಲ್ಲಿ ಕಾಸರಗೋಡಿನವರೆಗೂ ಜನಪ್ರಿಯ; ಆಫ್ರಿಕದ ಆಟಗಾರರನ್ನು ಹಣ ಕೊಟ್ಟು ಕರೆಸುವುದು ಅಲ್ಲಿ ರೂಢಿ. ಮಲಪ್ಪುರಂನ ತಂಡವೊಂದರ ಮ್ಯಾನೇಜರ್ ಮಜೀದ್. ಅವನ ತಂಡದ ಆಟಗಾರ ನೈಜೀರಿಯಾದ ಸಾಮ್ಯುವೆಲ್. ಆಫ್ರಿಕದವರೆಲ್ಲರನ್ನೂ ಊರು ಸುಡಾನಿ ಎಂದೇ ಕರೆಯುತ್ತದೆ. ಚಿತ್ರದ ಶೀರ್ಷಿಕೆಯೇ ಆ ತಪ್ಪನ್ನು ನಗುತ್ತ ಎತ್ತಿ ತೋರಿಸುತ್ತದೆ.

ಈ ಚಿತ್ರವನ್ನು ಫುಟ್‌ಬಾಲ್ ಜನರನ್ನು ಬೆಸೆಯುವ ಕಥೆಯೆಂದು ವಿಮರ್ಶಕರು ಹೊಗಳಿದರು. ಎಚ್ಚರದಿಂದ ನೋಡಿದರೆ ಹಾಗಿಲ್ಲ. ಸಾಮ್ಯುವೆಲ್ ಗೋಲು ಹೊಡೆಯುವವರೆಗೂ ಊರು ಅವನನ್ನು ಕುಣಿದು ಹೊತ್ತು ಮೆರೆಸುತ್ತದೆ. ಆದರೂ ಅವನು ಸುಡಾನಿಯೇ. ಅವನು ಗಾಯಗೊಂಡು ಮಜೀದನ ಮನೆಯ ಮಂಚ ಹಿಡಿದ ಮೇಲೆ ಕಥೆ ನಿಜವಾಗಿ ಶುರುವಾಗುತ್ತದೆ. ಮಜೀದನ ತಾಯಿ ಜಮೀಲಾ ಮತ್ತು ನೆರೆಮನೆಯ ಬೀಯುಮ್ಮ ಅವನ ಆರೈಕೆಗೆ ನಿಲ್ಲುತ್ತಾರೆ. ಅವರಿಗೆ ಮಲಯಾಳಂ ಹೊರತು ಬೇರೆ ಮಾತಿಲ್ಲ, ಅವನಿಗೆ ಮಲಯಾಳಂ ಇಲ್ಲ. ಅವರು ತಮ್ಮ ಮಾತನ್ನು ಬಿಡುವುದಿಲ್ಲ; ಮಲಯಾಳಂನಲ್ಲೇ ಗದರಿಸುತ್ತಾರೆ, ಮರುಗುತ್ತಾರೆ, ಉಣಿಸುತ್ತಾರೆ. ಭಾಷೆ ಇಲ್ಲಿ ತಡೆಯೂ ಅಲ್ಲ, ಮಾಯವಾದುದೂ ಅಲ್ಲ. ಅರ್ಥವಾಗದಿದ್ದರೂ ಎದುರಿನವನ ಕಡೆಗೆ ಆಡುತ್ತಲೇ ಇರುವ ಮಾತಾಗಿ ಅದು ಉಳಿಯುತ್ತದೆ. ಸಾವಿತ್ರಿ ಶ್ರೀಧರನ್ ಅವರ ಅಭಿನಯಕ್ಕೆ ರಾಷ್ಟ್ರೀಯ ಪ್ರಶಸ್ತಿ ಸಮಿತಿ ವಿಶೇಷ ಮನ್ನಣೆ ಕೊಟ್ಟದ್ದು ಸಾರ್ಥಕ. ಫುಟ್‌ಬಾಲ್ ಅವನನ್ನು ಆ ಮನೆಯ ಬಾಗಿಲಿನವರೆಗೆ ತಂದಿತು. ಒಳಗೆ ಕರೆದದ್ದು ಪಂತಿ. ಚಿತ್ರದ ಕೊನೆಯ ಭಾಗ ಭಾವುಕತೆಯಲ್ಲಿ ಸ್ವಲ್ಪ ಕರಗಿಹೋಗುತ್ತದೆ ಎಂಬ ಆಕ್ಷೇಪಕ್ಕೆ ಎಡೆಯಿದೆ, ಆದರೆ ಮೈದಾನದಿಂದ ಮನೆಯೊಳಕ್ಕೆ ಕ್ಯಾಮೆರಾ ಸರಿಯುವ ಆ ನಿರ್ಧಾರದಲ್ಲಿಯೇ ಅದರ ವಿವೇಕವಿದೆ.

ಹೆಸರನ್ನು ತಪ್ಪಾಗಿ ಕೊಡುವುದು ಒಂದು. ಹೊಸ ಹೆಸರಿಟ್ಟು ತನ್ನವನನ್ನಾಗಿ ಮಾಡಿಕೊಳ್ಳುವುದು ಇನ್ನೊಂದು. 1949ರಿಂದ 1953ರವರೆಗೆ ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯಲ್ಲಿ ಐವರಿದ್ದರು: ಅಹಮದ್ ಖಾನ್, ಅಪ್ಪಾರಾವ್, ಧನರಾಜ್, ಸಾಲೇ, ವೆಂಕಟೇಶ್. ಅಪ್ಪಾರಾವ್ ಆಂಧ್ರದವರು, ಸಾಲೇ ಕೇರಳದವರು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದ ಅಹಮದ್ ಖಾನ್ ಬೆಂಗಳೂರಿನವರು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದ ಪೂರ್ವಬಂಗಾಳದ ಜನ ಆ ತಂಡದಲ್ಲಿ ತಮ್ಮ ಕಳೆದ ನಾಡಿನ ಹೆಸರನ್ನಾದರೂ ಕಾಣುತ್ತಿದ್ದರು. ಅಂಥವರು ಈ ಐವರನ್ನು ಪಂಚಪಾಂಡವರೆಂದು ಕರೆದರು. ಇಬ್ಬರು ಮುಸಲ್ಮಾನರೂ ಸೇರಿದ ಪಾಂಡವರು! ಮನೆ ಕಳೆದುಕೊಂಡವರು ಪರಭಾಷೆಯವರಿಗೆ ಮಹಾಭಾರತದಲ್ಲಿ ಮನೆ ಕೊಟ್ಟರು. ರಾಜ್ಯ ಕಳೆದುಕೊಂಡು ಅಲೆದ ಪಾಂಡವರ ಹೆಸರೇ ಅವರಿಗೆ ಹೊಳೆದದ್ದು ಆಕಸ್ಮಿಕವಿರಲಾರದು. ಈ ನಾಮಕರಣದಲ್ಲಿ ಅಳಿಸುವಿಕೆ ಇಲ್ಲ. ಅಹಮದ್ ಖಾನ್ ಅಹಮದ್ ಖಾನರಾಗಿಯೇ ಉಳಿದರು. ಬೆಂಗಳೂರಿನ ಮೈದಾನಗಳಿಂದ ಹೊರಟ ಇಂತಹ ಆಟಗಾರರನ್ನು ಬಂಗಾಳಿ ಬರವಣಿಗೆ ಕಾಪಿಟ್ಟುಕೊಂಡಷ್ಟು ಕನ್ನಡ ಬರವಣಿಗೆ ಕಾಪಿಟ್ಟುಕೊಂಡಿಲ್ಲ ಎಂಬುದನ್ನು ಮಾತ್ರ ಸಂಕೋಚದಿಂದ ಒಪ್ಪಬೇಕು.

ಈ ಬೆಳಕಿನಲ್ಲಿ ರಾಯದುರ್ಗ ಮಡಕಶಿರಾಗಳ ಬಯಲಿಗೆ ಮರಳಿದರೆ ಕೊರತೆ ಯಾವುದೆಂದು ತಿಳಿಯುತ್ತದೆ. ಆಡುವ ಗಳಿಗೆಯಲ್ಲಿ ಅಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ಆಟ ಮುಗಿದು ಅದು ಬರಹವಾಗುವಾಗ ಕೊರತೆ ಶುರುವಾಗುತ್ತದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ಕನ್ನಡ ಮಾಧ್ಯಮದ ಶಾಲೆಗಳು ಈ ಸೀಮೆಯಲ್ಲಿ ಉಳಿದಿರುವುದಕ್ಕೆ ಅಂತಹ ಆಸರೆಯೂ ಕಾರಣ. ಆದರೆ ಆ ರಕ್ಷಣೆ ತರಗತಿಯ ಗೋಡೆಯವರೆಗೆ. ಗಂಟೆ ಬಾರಿಸಿ ಮಕ್ಕಳು ಬಯಲಿಗೆ ಬಂದರೆ, ತಂಡದ ಪಟ್ಟಿ, ಪ್ರಮಾಣಪತ್ರ, ಮರುದಿನದ ಸುದ್ದಿ ಎಲ್ಲವೂ ಸಹಜವಾಗಿ ತೆಲುಗು ಇಲ್ಲವೇ ಇಂಗ್ಲಿಷ್. ಆಂಧ್ರದ ಆಡಳಿತ ಭಾಷೆ ತೆಲುಗಾಗಿರುವಾಗ ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ತೆಲುಗಿನವರ ಮೇಲೆ ದೂರು ಹೊರಿಸುವುದೂ ಸಲ್ಲದು. ಈ ಆಟದಲ್ಲಿ ಅವರ ಎಲೆಯೂ ತುಂಬಿಲ್ಲ. 2022ರ ವಿಶ್ವಕಪ್ಪನ್ನು ಜಿಯೋಸಿನಿಮಾ ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ, ಬಂಗಾಳಿಗಳಲ್ಲಿ ಪ್ರಸಾರ ಮಾಡಿತು. ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ರಾಯದುರ್ಗದ ಒಂದೇ ಬೀದಿಯ ಕನ್ನಡದ ಹುಡುಗನೂ ತೆಲುಗಿನ ಹುಡುಗನೂ ಮೆಸ್ಸಿಯ ಆಟವನ್ನು ಮೂರನೆಯವರ ಭಾಷೆಯಲ್ಲಿ ಕೇಳಿದರು. ಮಾರುಕಟ್ಟೆ ಅವರಿಬ್ಬರನ್ನೂ ಒಟ್ಟಿಗೇ ಪಂತಿಯ ಹೊರಗೆ ಕೂರಿಸಿತು.

ಹೀಗಾಗಿ ಇಲ್ಲಿ ಬೇಕಾಗಿರುವುದು ಕನ್ನಡದ ತಂಡ, ತೆಲುಗಿನ ತಂಡ ಎಂಬ ಬೇರೆ ಬೇರೆ ಗುಂಪುಗಳಲ್ಲ. ಅಂತಹ ಬೇಡಿಕೆ ಆಗಾಗ ಉತ್ಸಾಹಿಗಳ ಬಾಯಲ್ಲಿ ಬರುತ್ತದೆ. ಅದು ಬಯಲಿನಲ್ಲಿ ಈಗಾಗಲೇ ಇರುವುದನ್ನು ಒಡೆಯುವ ಕೆಲಸ. ಬೇಕಾಗಿರುವುದು ತೀರ ಸಣ್ಣ ಸಂಗತಿಗಳು: ಮಡಕಶಿರಾ ಕಡೆಯ ಶಾಲೆಗಳ ನಡುವಣ ಪಂದ್ಯದ ಫಲಕವನ್ನು ಎರಡು ಲಿಪಿಯಲ್ಲಿ ಬರೆಯುವುದು, ಆಟದ ನಿಯಮಗಳ ಪುಟ್ಟ ಪುಸ್ತಕವನ್ನು ಕನ್ನಡ ಮತ್ತು ತೆಲುಗು ಎದುರುಬದುರು ಪುಟಗಳಲ್ಲಿ ಅಚ್ಚು ಮಾಡುವುದು, ಮಕ್ಕಳು ಬಯಲಿನಲ್ಲಿ ಕೂಗುವ ಮಾತುಗಳನ್ನು ಕೂಗುವ ಹಾಗೆಯೇ ಬರೆದಿಟ್ಟುಕೊಳ್ಳುವುದು. ಮೂರನೆಯದನ್ನು ಗಡಿಭಾಷೆಯ ಅಧ್ಯಯನ ಸಂಸ್ಥೆಗಳು ನಾಳೆಯೇ ಆರಂಭಿಸಬಹುದು; ಮಾತಿನ ಮಿಶ್ರಣವನ್ನು ಹೊಲಸೆಂದು ಕಾಣದ ಕಿವಿ ಮಾತ್ರ ಇರಬೇಕು. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳಾದ್ದರಿಂದ ಫಲಕ ಬರೆಯುವವನಿಗೂ ಹೆಚ್ಚಿನ ಶ್ರಮವಿಲ್ಲ. ರಾಯದುರ್ಗ ಎಂದು ಕನ್ನಡದಲ್ಲಿ ಬರೆದು, ಕೆಳಗೆ ತೆಲುಗಿನಲ್ಲಿ ರಾಯದುರ್ಗಂ ಎಂದು ಬರೆಯುವಾಗ, ಅಕ್ಷರಗಳ ತಲೆಕಟ್ಟನ್ನು ಕೊಂಚ ತಿರುಗಿಸಿ ಕೊನೆಯಲ್ಲಿ ಒಂದು ಸೊನ್ನೆ ಸೇರಿಸಿದರೆ ಸಾಕು.